ನಾಲ್ಕು, ಏಳು, ಹನ್ನೊಂದು

“ಅಮ್ಮಾ, ಅರ್ಧಕ್ಕರ್ಧ ಚಾನೆಲ್ ಬರ್ತಾನೇ ಇಲ್ಲ” ಎಂದಳು ಮಗಳು.

ನಾನು ಫ್ರೀಮಾಂಟಿನ ಅವಳ ಮನೆಗೆ ಬಂದು ಮೂರು ದಿನವಾಗಿತ್ತು. ನಿದ್ದೆ ಇನ್ನೂ ಊರಿನ ಹೊತ್ತಿಗೇ ಬರುತ್ತಿತ್ತು. ಕೇಬಲ್ಲಿಗೆ ತಿಂಗಳು ತಿಂಗಳು ಕಟ್ಟುವ ದುಡ್ಡು ವಿಪರೀತವಾಯಿತೆಂದು ಅಳಿಯ ಅದನ್ನು ತೆಗೆಸಿ, ಮನೆಯ ಮೇಲೆ ಆಂಟೆನ್ನಾ ಹಾಕಿದ್ದರು. ಅಮೆರಿಕದಲ್ಲಿ ಈಗಲೂ ಊರೂರಿನ ಟಿ.ವಿ. ಕೇಂದ್ರಗಳು ಗಾಳಿಯಲ್ಲಿ ಪುಕ್ಕಟೆ ಪ್ರಸಾರ ಮಾಡುತ್ತವೆ, ಹಿಡಿದುಕೊಳ್ಳಲು ಒಂದು ಆಂಟೆನ್ನಾ ಇದ್ದರೆ ಸಾಕು ಎಂಬುದೇ ನನಗೆ ದೊಡ್ಡ ಸಂತೋಷದ ಸಮಾಚಾರ.

“ಯಾವ ಅರ್ಧ?” ಎಂದೆ.

ಅವಳಿಗೆ ಗೊತ್ತಿರಲಿಲ್ಲ. ಬಂದದ್ದನ್ನು ನೋಡುತ್ತಿದ್ದರು, ಬಾರದ್ದನ್ನು ಬಿಟ್ಟಿದ್ದರು. ಎಲ್ಲರ ಮನೆಯಲ್ಲೂ ಹಾಗೆಯೇ ನಡೆಯುತ್ತದೆ. ಆದರೆ ಆಂಟೆನ್ನಾಕ್ಕೆ ಏನಾಗಿದೆ ಎಂದು ಹೇಳಬಲ್ಲವು ಬಾರದ ಚಾನೆಲ್‌ಗಳೇ. ಯಾವುದು ಬರುವುದಿಲ್ಲ, ಯಾವತ್ತಿನಿಂದ ಬರುವುದಿಲ್ಲ, ಯಾವ ಹೊತ್ತಿನಲ್ಲಿ ಬರುವುದಿಲ್ಲ. ಈ ಮೂರಕ್ಕೆ ಉತ್ತರ ಸಿಗುವ ತನಕ ಏಣಿಗೆ ಕಾಲಿಡಬೇಡ ಎಂದು ನಮ್ಮಪ್ಪ ಹೇಳುತ್ತಿದ್ದರು. ಆಮೇಲೆ ನಾನು ಭೌತಶಾಸ್ತ್ರ ಓದಿದೆ, ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಈ ಮಾತಿಗಿಂತ ಒಳ್ಳೆಯ ಪ್ರಯೋಗದ ಪಾಠ ಯಾವ ಪುಸ್ತಕದಲ್ಲೂ ಕಾಣಲಿಲ್ಲ.

ಮೊಮ್ಮಗಳ ಕೈಗೆ ಪೆನ್ಸಿಲ್ ಕೊಟ್ಟು ಕೂರಿಸಿದೆ. ಹಾಳೆಯ ನಡುವೆ ಒಂದು ಗೆರೆ. ಆಚೆ ಬಂದವು, ಈಚೆ ಬಾರದವು. ಅವಳ ಅಮ್ಮ ರಿಮೋಟ್ ಒತ್ತುತ್ತಾ ಹೋದಳು. 2 ಇದೆ. 4 ಇಲ್ಲ. 5 ಇದೆ. 7 ಇಲ್ಲ. 9 ಇದೆ. 11 ಇಲ್ಲ. ಬಂದವು ಕನ್ನಡಿಯಷ್ಟು ಸ್ವಚ್ಛ. ಬಾರದವುಗಳದ್ದು ಕರಿ ಪರದೆ, ಸಿಗ್ನಲ್ ಇಲ್ಲ ಎಂಬ ಒಂದು ಸಾಲು, ಅಷ್ಟೇ. ಆ ಕರಿ ಪರದೆ ನೋಡಿ ನನಗೆ ನಿಜವಾಗಿ ಬೇಸರವಾಯಿತು. ಯಾಕೆಂದರೆ ನಾನು ಕಂಡ ಟಿ.ವಿ. ಹೀಗೆ ಮೂಕವಾಗಿರಲಿಲ್ಲ.

ಕುಣಿಗಲ್ ತಾಲ್ಲೂಕಿನ ನಮ್ಮ ಊರಿಗೆ ಬೆಂಗಳೂರಿನ ಜೆ.ಸಿ. ನಗರದ ಟಿ.ವಿ. ಟವರ್ ಅರವತ್ತು ಕಿಲೋಮೀಟರಿಗೂ ಮೇಲೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ನಮ್ಮ ಮನೆಗೆ ಡಯನೋರಾ ಕಪ್ಪು-ಬಿಳುಪು ಟಿ.ವಿ. ಬಂದದ್ದು 1987ರಲ್ಲಿ, ರಾಮಾಯಣ ನೋಡಲಿಕ್ಕೆಂದೇ. ಆ ವರ್ಷ ಜನವರಿ 25ಕ್ಕೆ ಆರಂಭವಾದ ಧಾರಾವಾಹಿ ಅದು. ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೆಂಚಿನ ಮಾಡಿನ ಪಕ್ಕದಲ್ಲಿ ಇಪ್ಪತ್ತಡಿಯ ಕಬ್ಬಿಣದ ಪೈಪು, ತುದಿಯಲ್ಲಿ ಆಂಟೆನ್ನಾ, ಅದರಿಂದ ಕಿಟಕಿಯೊಳಕ್ಕೆ ಇಳಿದ ಚಪ್ಪಟೆ ವೈರು. ಪೈಪು ತಿರುಗಿಸುವುದು ಅಪ್ಪನ ಕೆಲಸ. ಟಿ.ವಿ. ಮುಂದೆ ಕೂತು ವರದಿ ಒಪ್ಪಿಸುವುದು ಅಜ್ಜಿಯ ಕೆಲಸ. ಹೊಸ್ತಿಲ ಮೇಲೆ ನಿಂತು ಅಜ್ಜಿಯ ಮಾತನ್ನು ಹಿತ್ತಲಿಗೆ ದಾಟಿಸುವುದು ನನ್ನ ಕೆಲಸ.

ಅಜ್ಜಿಯ ವರದಿಗಳು ಇವತ್ತಿಗೂ ನನ್ನ ಕಿವಿಯಲ್ಲಿವೆ. ಅವರು ಬಂತು, ಇಲ್ಲ ಎಂದು ಬಿಡುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದರು. “ಇರುವೆ ಮುತ್ಕೊಂಡವೆ ಕಣೇ” ಎಂದರೆ ಪರದೆಯ ತುಂಬ ಬಿಳಿ-ಕಪ್ಪು ಚುಕ್ಕೆ: ಸಿಗ್ನಲ್ ಸಾಲದು, ವೈರು ಸಡಿಲವಾಗಿದೆ ಇಲ್ಲವೇ ಆಂಟೆನ್ನಾ ದಿಕ್ಕು ತಪ್ಪಿದೆ. “ರಾಮ ಇಬ್ರಾಗವ್ನೆ” ಎಂದರೆ ಒಂದು ಬೊಂಬೆಯ ಪಕ್ಕ ತುಸು ಜರುಗಿ ಅದರದೇ ಮಸುಕು ನೆರಳು: ಟವರಿನಿಂದ ನೇರ ಬಂದ ಅಲೆ ಒಂದು, ಹುತ್ರಿದುರ್ಗದ ಬೆಟ್ಟಕ್ಕೆ ಬಡಿದು ಸುತ್ತಿ ಬಂದ ಅಲೆ ಇನ್ನೊಂದು. ಸುತ್ತಿ ಬಂದದ್ದು ಕ್ಷಣದ ಲಕ್ಷದಲ್ಲೊಂದು ಪಾಲು ತಡವಾದರೂ ಸಾಕು, ರಾಮನ ಪಕ್ಕ ಇನ್ನೊಬ್ಬ ರಾಮ ನಿಲ್ಲುತ್ತಿದ್ದ. ಅಪ್ಪ ಆಗ ಪೈಪನ್ನು ಬೆಟ್ಟದಿಂದ ಒಂಚೂರು ಆಚೆಗೆ ತಿರುಗಿಸುತ್ತಿದ್ದರು. ಇನ್ನು ಮೂರನೆಯದು, ಪರದೆಗೆ ಅಡ್ಡಲಾಗಿ ಗೆರೆ ಓಡಿದರೆ ಅಜ್ಜಿ ಅಪ್ಪನನ್ನು ಕೂಗುತ್ತಲೇ ಇರಲಿಲ್ಲ. “ಪಕ್ಕದ ಮನೇಲಿ ಚಟ್ನಿ ಅರೀತಾವ್ರೆ, ಸುಮ್ಕಿರಿ” ಎನ್ನುತ್ತಿದ್ದರು. ಮಿಕ್ಸಿಯ ಮೋಟಾರಿನೊಳಗೆ ಹಾರುವ ಕಿಡಿಯೂ ಒಂದು ಬಗೆಯ ರೇಡಿಯೊ ಅಲೆಯೇ. ಅಕ್ಷರ ಬಾರದ ಅಜ್ಜಿ ಮೂರು ಬೇರೆ ಬೇರೆ ದೋಷಗಳನ್ನು ಮೂರು ಮಾತಿನಲ್ಲಿ ಬಿಡಿಸಿ ಇಡುತ್ತಿದ್ದರು.

ಡಿಜಿಟಲ್ ಬಂದ ಮೇಲೆ ಈ ಮಾತುಕತೆ ನಿಂತಿತು. ಅಮೆರಿಕದ ದೊಡ್ಡ ಕೇಂದ್ರಗಳೆಲ್ಲ ಹಳೆಯ ಬಗೆಯ ಪ್ರಸಾರ ನಿಲ್ಲಿಸಿದ್ದು 2009ರ ಜೂನ್ 12ರೊಳಗೆ. ಡಿಜಿಟಲ್ಲಿನಲ್ಲಿ ಚಿತ್ರ ಅಂಕಿಗಳಾಗಿ ಬರುತ್ತದೆ. ಒಂದಿಷ್ಟು ಅಂಕಿ ಕೆಟ್ಟರೂ ಟಿ.ವಿ. ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಒಂದು ಮಿತಿಯ ತನಕ ಚಿತ್ರಕ್ಕೆ ಏನೂ ಆಗುವುದಿಲ್ಲ. ಮಿತಿ ದಾಟಿತೋ, ಚಿತ್ರ ಚೌಕ ಚೌಕವಾಗಿ ಒಡೆದು, ಬಾವಿಯ ಕಟ್ಟೆಯಿಂದ ಕಾಲು ಜಾರಿದ ಹಾಗೆ ಒಮ್ಮೆಗೇ ಮುಳುಗುತ್ತದೆ. ಇರುವೆಯೂ ಇಲ್ಲ, ಇಬ್ಬರು ರಾಮರೂ ಇಲ್ಲ. ಸಿಗ್ನಲ್ ಸಾಲದೋ, ಬಂದ ಸಿಗ್ನಲ್ಲಿಗೆ ಪ್ರತಿಫಲನ ಬೆರೆತಿದೆಯೋ, ಮನೆಯೊಳಗಿನ ಯಾವುದೋ ಗದ್ದಲವೋ, ಎಲ್ಲಕ್ಕೂ ಅದೇ ಕರಿ ಪರದೆ. ಹಾಗಾಗಿ ಈಗ ಪರದೆಯನ್ನು ನೋಡಿ ಪ್ರಯೋಜನವಿಲ್ಲ. ಪಟ್ಟಿಯನ್ನು ನೋಡಬೇಕು.

ಪಟ್ಟಿಯ ವಿಷಯದಲ್ಲಿ ಮೊದಲು ತಿಳಿಯಬೇಕಾದ್ದು: ಪರದೆಯ ಮೂಲೆಯಲ್ಲಿ ಕಾಣುವ ನಂಬರು ಚಾನೆಲ್ಲಿನ ಹೆಸರು ಮಾತ್ರ. ಅಂಗಡಿ ಪಕ್ಕದ ಬೀದಿಗೆ ಹೋಗಿದೆ, ಗಿರಾಕಿಗಳಿಗೆ ಗುರುತು ತಪ್ಪಬಾರದೆಂದು ಹಳೆಯ ಬೋರ್ಡನ್ನೇ ತೂಗುಹಾಕಿದ್ದಾರೆ, ಹಾಗೆ. ನಿಜವಾಗಿ ಅದು ಗಾಳಿಯಲ್ಲಿ ಬರುವ ಚಾನೆಲ್ ಬೇರೆ. 2017ರಿಂದ 2020ರ ಜುಲೈವರೆಗೆ ಅಮೆರಿಕ ತನ್ನ ಟಿ.ವಿ. ಕೇಂದ್ರಗಳಲ್ಲಿ ಸಾವಿರದಷ್ಟನ್ನು ಎಬ್ಬಿಸಿ ಬೇರೆ ಜಾಗದಲ್ಲಿ ಕೂರಿಸಿತು. 38ರಿಂದ 51ರವರೆಗಿನ ಚಾನೆಲ್‌ಗಳ ಜಾಗವನ್ನು ಮೊಬೈಲ್ ಕಂಪನಿಗಳಿಗೆ ಹರಾಜಿನಲ್ಲಿ ಕೊಟ್ಟಿದ್ದರಿಂದ, ಟಿ.ವಿ.ಯವರೆಲ್ಲ 2ರಿಂದ 36ರೊಳಗೆ ಒತ್ತೊತ್ತಾಗಿ ಕೂರಬೇಕಾಯಿತು. ನಿನ್ನೆವರೆಗೆ ಬರುತ್ತಿದ್ದ ಚಾನೆಲ್ ಇವತ್ತು ಇಲ್ಲ ಎಂದು ಆಗ ಎಷ್ಟೋ ಮನೆಗಳಲ್ಲಿ ಗಾಬರಿಯಾಗಿರಬೇಕು. ಅಂಥವರು ಟಿ.ವಿ.ಯಲ್ಲಿ ಚಾನೆಲ್ ಸ್ಕ್ಯಾನನ್ನು ಮತ್ತೊಮ್ಮೆ ಮಾಡಿದರೆ ಸಾಕಾಗಿತ್ತು. ಹೊಸ ಜಾಗ ಟಿ.ವಿ.ಗೆ ತಾನೇ ಗೊತ್ತಾಗುತ್ತದೆ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಎಷ್ಟೋ ಟಿ.ವಿ.ಗಳು ಸ್ಕ್ಯಾನ್ ಶುರು ಮಾಡುವಾಗ ಹಳೆಯ ಪಟ್ಟಿಯನ್ನು ಒರೆಸಿಹಾಕುತ್ತವೆ. ಸಿಗ್ನಲ್ ಕೆಟ್ಟ ಗಳಿಗೆಯಲ್ಲಿ ಸ್ಕ್ಯಾನ್ ಒತ್ತಿದರೆ ಇದ್ದವೂ ಹೋಗುತ್ತವೆ. ಅಳಿಯ ಹೀಗೆ ಎರಡು ಸಲ ಕಳೆದುಕೊಂಡಿದ್ದರು.

ನಮ್ಮ ಹಾಳೆಯಲ್ಲಿದ್ದ ಚಾನೆಲ್‌ಗಳು ನಿಜವಾಗಿ ಎಲ್ಲಿವೆ ಎಂದು ಸರ್ಕಾರದ ಪಟ್ಟಿಯಲ್ಲಿ ಹುಡುಕಿ, ಪಕ್ಕದಲ್ಲಿ ಬರೆಯುತ್ತಾ ಹೋದೆವು. ಬರುತ್ತಿದ್ದ 2, 5, 9 ಇರುವುದು 31, 29, 30ರಲ್ಲಿ. ಬಾರದ 4 ಇರುವುದು 7ರಲ್ಲಿ, 7 ಇರುವುದು 12ರಲ್ಲಿ, 11 ಇರುವುದು 13ರಲ್ಲಿ. ಹಾಳೆ ತಾನಾಗಿಯೇ ಎರಡು ಹೋಳಾಗಿ ನಿಂತಿತು. ಮೇಲಿನ ನಂಬರಿನವೆಲ್ಲ ಬಂದಿವೆ, ಕೆಳಗಿನ ನಂಬರಿನವೆಲ್ಲ ಹೋಗಿವೆ. ಮೊಮ್ಮಗಳು ಬಾಯಿ ತೆರೆದು ನೋಡಿದಳು. ನನಗೂ ಮೈ ಜುಮ್ಮೆಂದಿತು.

ಅಳಿಯನನ್ನು ಏಣಿ ಹತ್ತಿಸಿದ್ದು ಆಗ. “ಆ ಕಡ್ಡಿಗಳು ಎಷ್ಟುದ್ದ ಇವೆ, ಗೇಣು ಹಾಕಿ ನೋಡಿ” ಎಂದೆ. ಜಾಲರಿಯ ಮುಂದೆ ಚಿಟ್ಟೆಯ ರೆಕ್ಕೆಗಳಂತೆ ನಾಲ್ಕು ಜೊತೆ ಕಡ್ಡಿಗಳಿದ್ದ ಆಂಟೆನ್ನಾ ಅದು. “ಒಂದೊಂದೂ ಒಂದು ಗೇಣು, ಅತ್ತೆ” ಎಂದರು ಮೇಲಿನಿಂದ. ಇಷ್ಟೇ ಸಾಕಾಯಿತು.

ಆಂಟೆನ್ನಾದ ಕಡ್ಡಿ ಸಾಮಾನ್ಯವಾಗಿ ತಾನು ಹಿಡಿಯಬೇಕಾದ ಅಲೆಯ ಅರ್ಧದಷ್ಟು ಉದ್ದವಿರಬೇಕು. 30ನೇ ಚಾನೆಲ್ಲಿನ ಅಲೆಗೆ ಅರ್ಧವೆಂದರೆ 26 ಸೆಂಟಿಮೀಟರ್, ಗೇಣಿಗಿಂತ ಒಂದೆರಡು ಬೆರಳು ಹೆಚ್ಚು. 7ನೇ ಚಾನೆಲ್ಲಿನ ಅಲೆಗೆ ಅದೇ ಅರ್ಧ 85 ಸೆಂಟಿಮೀಟರ್, ಎರಡು ಮೊಳಕ್ಕೆ ತುಸು ಕಡಿಮೆ. ಎರಡು ಮೊಳದ ಕಡ್ಡಿ ಬೇಡುವ ಅಲೆ ಗೇಣುದ್ದದ ಕಡ್ಡಿಗೆ ಸರಿಯಾಗಿ ಸಿಕ್ಕುವುದು ಹೇಗೆ? ಕಡ್ಡಿ ಉದ್ದವಿರುವ ಆಂಟೆನ್ನಾ ಕೆಳಗಿನ ನಂಬರಿನ ಚಾನೆಲ್‌ಗಳಿಗೆ, ಅಂದರೆ ವಿ.ಎಚ್.ಎಫ್.ಗೆ; ಗಿಡ್ಡ ಕಡ್ಡಿಯದು ಮೇಲಿನ ನಂಬರಿನವಕ್ಕೆ, ಅಂದರೆ ಯು.ಎಚ್.ಎಫ್.ಗೆ. ನಮ್ಮ ಊರ ಪೈಪಿನ ಮೇಲಿದ್ದ ಆಂಟೆನ್ನಾದ ಕಡ್ಡಿಗಳು ಮೊಳಗಟ್ಟಲೆ ಉದ್ದ. ಕಾಗೆ ಕೂತರೆ ಬಾಗುವಷ್ಟು ಉದ್ದ. ಈ ಹೊಸ ಆಂಟೆನ್ನಾ ಬಂದ ಡಬ್ಬಿಯ ಮೇಲೆ ಎಲ್ಲ ಚಾನೆಲ್ ಬರುತ್ತವೆ, 150 ಮೈಲಿಯಿಂದ ಬರುತ್ತವೆ ಎಂದು ಅಚ್ಚಾಗಿತ್ತು. ಭೂಮಿ ದುಂಡಗಿದೆ, ಅರವತ್ತು-ಎಪ್ಪತ್ತು ಮೈಲಿ ಕಳೆದರೆ ಟವರಿನ ತುದಿಯೇ ನೆಲದ ಮರೆಗೆ ಹೋಗುತ್ತದೆ. ಹೀಗೆ ಬರೆದು ಮಾರುವುದು ಅನ್ಯಾಯ. ನೂರಾರು ಜನ ದುಡ್ಡು ಕೊಟ್ಟು, ಮನೆ ಮೇಲೆ ಹತ್ತಿ ಇಳಿದು, ಕೊನೆಗೆ ತಪ್ಪು ತಮ್ಮದೇ ಎಂದುಕೊಂಡು ಸುಮ್ಮನಾಗಿರುತ್ತಾರೆ.

ಹಳೆಯ ಬಗೆಯ ಆ ಉದ್ದ ಕಡ್ಡಿಗಳ ಆಂಟೆನ್ನಾಕ್ಕೆ ಯಾಗಿ ಎಂದು ಹೆಸರು. ಒಂದು ಕಡ್ಡಿಗೆ ಮಾತ್ರ ವೈರು ಸೇರಿರುತ್ತದೆ. ಹಿಂದೆ ಅದಕ್ಕಿಂತ ತುಸು ಉದ್ದದ್ದು, ಮುಂದೆ ತುಸು ತುಸು ಗಿಡ್ಡನೆಯವು. ಅವಕ್ಕೆ ಯಾವ ವೈರೂ ಇಲ್ಲ. ಹಿಂದಿನದು ಅಲೆಯನ್ನು ತಡೆದು ಮುಂದಕ್ಕೆ ತಳ್ಳುತ್ತದೆ, ಮುಂದಿನವು ಕೈಹಿಡಿದು ಒಳಕ್ಕೆ ಕರೆತರುತ್ತವೆ. ಗಿಡ್ಡ ಕಡ್ಡಿಗಳ ಕಡೆ ಟವರಿನ ಕಡೆಗಿರಬೇಕು. ಇದನ್ನು 1926ರಲ್ಲಿ ಜಪಾನಿನ ಸೆಂಡಾಯ್ ಊರಿನ ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದರು. ಕೈಯಾರೆ ಪ್ರಯೋಗಗಳನ್ನು ಮಾಡಿದವರು ಶಿಂತಾರೊ ಉದಾ, ಅವರ ಪ್ರಾಧ್ಯಾಪಕರು ಹಿದೆತ್ಸುಗು ಯಾಗಿ. ಜಪಾನಿನಲ್ಲಿ ಆಗ ಅದರ ಕಡೆ ಯಾರೂ ಹೆಚ್ಚು ತಿರುಗಿ ನೋಡಲಿಲ್ಲ. 1942ರಲ್ಲಿ ಜಪಾನಿ ಸೇನೆ ಸಿಂಗಪುರವನ್ನು ಹಿಡಿದಾಗ ಬ್ರಿಟಿಷರ ರೇಡಾರ್ ಟಿಪ್ಪಣಿಯ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ಪದ ಅವರಿಗೆ ಅರ್ಥವಾಗಲಿಲ್ಲ. ಸೆರೆಸಿಕ್ಕ ಬ್ರಿಟಿಷ್ ತಂತ್ರಜ್ಞನನ್ನು ಕೇಳಿದರೆ, ಅದು ನಿಮ್ಮದೇ ದೇಶದ ಪ್ರೊಫೆಸರರ ಹೆಸರು ಎಂದನಂತೆ. ಪಾಠ ಹೇಳುವಾಗ ನಾನು ಯಾವಾಗಲೂ ಯಾಗಿ-ಉದಾ ಎಂದೇ ಹೇಳುತ್ತಿದ್ದೆ. ಬೆಂಚಿನ ಮುಂದೆ ಹಗಲು ರಾತ್ರಿ ನಿಂತವರ ಹೆಸರು ಉದುರಿಹೋಗಬಾರದು.

ನಮ್ಮ ಕರ್ನಾಟಕಕ್ಕೆ ಟಿ.ವಿ. ಬಂದದ್ದು ಮಾತ್ರ ಯಾಗಿಯಿಂದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ‘ಸೈಟ್’ ಪ್ರಯೋಗ ನಡೆಯಿತು. ಎ.ಟಿ.ಎಸ್.-6 ಎಂಬ ಅಮೆರಿಕದ ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರ ಕಾರ್ಯಕ್ರಮ. ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಕೋಳಿಗೂಡಿಗೆ ಬಳಸುವ ತಂತಿ ಬಲೆಯಿಂದ ಮಾಡಿದ ಹತ್ತಡಿ ಅಗಲದ ಡಿಶ್‌ಗಳು ಆಕಾಶಕ್ಕೆ ಮುಖ ಮಾಡಿ ನಿಂತವು. ಬೆಂಗಳೂರಿಗೆ ಟಿ.ವಿ. ಬರುವ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿಗರು ಉಪಗ್ರಹದಿಂದ ಟಿ.ವಿ. ನೋಡಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ. ಕೋಳಿಬಲೆಯಾದರೂ ಸರಿ, ಕಡ್ಡಿಯಾದರೂ ಸರಿ. ಅಲೆಯ ಅಳತೆಗೆ ಸರಿಹೊಂದಿದರೆ ಅದು ಒಲಿಯುತ್ತದೆ.

ಫ್ರೀಮಾಂಟಿಗೆ ವಾಪಸು ಬರೋಣ. ಅಳಿಯ ತಂದದ್ದು ವಿ.ಎಚ್.ಎಫ್.ಗೆಂದೇ ಇರುವ ಚಿಕ್ಕ ಯಾಗಿ. ಎರಡೂ ಆಂಟೆನ್ನಾಗಳನ್ನು ಒಂದೇ ಕೊಳವೆಗೆ ಮೇಲೆ ಕೆಳಗೆ ಬಿಗಿದು, ಎರಡರ ವೈರನ್ನೂ ಒಂದು ಮಾಡುವ ಪುಟ್ಟ ಡಬ್ಬಿಯೊಂದಕ್ಕೆ ಸೇರಿಸಿದರು. ಹಳೆಯ ಕೇಬಲ್ಲಿನ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು. ಸುತ್ತಲಿನ ಜಡೆಯ ಒಂದೇ ಒಂದು ಎಳೆ ನಡುವಿನ ತಾಮ್ರಕ್ಕೆ ಇನ್ನೇನು ತಾಗುವಂತಿತ್ತು. ಕೂದಲಿನಷ್ಟು ಸಣ್ಣ ಎಳೆ. ಅದೊಂದು ತಾಗಿದರೆ ಸಾಕು, ಮೇಲೆ ಹಿಡಿದದ್ದನ್ನೆಲ್ಲ ಹಾದಿಯಲ್ಲೇ ನುಂಗಲಿಕ್ಕೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆವು.

ಇದರ ನಡುವೆ ಬಡಾವಣೆಯ ಸಂಘದಿಂದ ಒಂದು ಪತ್ರ ಬಂತು: ಮಾಡಿನ ಮೇಲಿನ ಆಂಟೆನ್ನಾ ಬೀದಿಯ ಅಂದಕ್ಕೆ ಧಕ್ಕೆ, ತೆಗೆಯಬೇಕು. ಮಗಳು ಹೆದರಿದಳು. ಹೆದರಬೇಕಾದ್ದಿಲ್ಲ. ಸ್ವಂತ ಮನೆಯವರು ಊರಿನ ಟಿ.ವಿ. ಹಿಡಿಯಲು ಆಂಟೆನ್ನಾ ಹಾಕಿಕೊಳ್ಳುವುದನ್ನು ಸಂಘಗಳು ತಡೆಯುವಂತಿಲ್ಲ ಎಂದು ಅಲ್ಲಿ 1996ರಿಂದಲೇ ಕೇಂದ್ರದ ನಿಯಮವಿದೆ. ಅಳಿಯ ಅದನ್ನು ತಿಳಿಸಿ ನಾಲ್ಕು ಸಾಲು ಬರೆದರು. ಮತ್ತೆ ಪತ್ರ ಬರಲಿಲ್ಲ.

ಇನ್ನು ದಿಕ್ಕು. ಫ್ರೀಮಾಂಟಿನಿಂದ ಸುಮಾರು 29 ಮೈಲಿ ದೂರದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಗುಡ್ಡದ ಮೇಲೆ ಸೂತ್ರೊ ಟವರ್ ಇದೆ. ಕೆಂಪು-ಬಿಳಿ ಪಟ್ಟೆಯ ಮೂರು ಕಾಲಿನ ಗೋಪುರ, 298 ಮೀಟರ್ ಎತ್ತರ, 1973ರಿಂದ ಪ್ರಸಾರ ಮಾಡುತ್ತಿದೆ. 11 ಮಾತ್ರ ಅಲ್ಲಿಂದ ಬರುವುದಿಲ್ಲ. ತುಸು ಎಡಕ್ಕೆ ಇರುವ ಸ್ಯಾನ್ ಬ್ರೂನೊ ಬೆಟ್ಟದಿಂದ ಬರುತ್ತದೆ. ಎರಡಕ್ಕೂ ಒಪ್ಪುವ ನಡುದಿಕ್ಕು ಹುಡುಕಬೇಕು. ಅಳಿಯ ಮೇಲೆ, ಮಗಳು ಟಿ.ವಿ. ಮುಂದೆ, ನಾನು ಬಾಗಿಲಲ್ಲಿ. ಮೂವತ್ತೆಂಟು ವರ್ಷದ ಮೇಲೆ ಮತ್ತೆ ಅದೇ ಹೊಸ್ತಿಲಿನ ಕೆಲಸ.

ಆದರೆ ಅವತ್ತಿನ ಹಾಗೆ ಕೂಗಿ ತಿರುಗಿಸಲಾಗುವುದಿಲ್ಲ. ಡಿಜಿಟಲ್ ಟಿ.ವಿ. ಸಿಗ್ನಲ್ ಸಿಕ್ಕ ಮೇಲೂ ಅದನ್ನು ಕಟ್ಟಿಕೊಳ್ಳಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಅಳಿಯ ಅಷ್ಟರೊಳಗೆ ಒಳ್ಳೆಯ ದಿಕ್ಕನ್ನು ದಾಟಿ ಮುಂದಕ್ಕೆ ತಿರುಗಿಸಿಬಿಡುತ್ತಿದ್ದರು. “ಎರಡು ಬೆರಳಷ್ಟು ತಿರುಗಿಸಿ, ಹತ್ತು ಎಣಿಸೋವರೆಗೂ ಮುಟ್ಟಬೇಡಿ” ಎಂದೆ. ಎಣಿಸುವ ಕೆಲಸ ಮೊಮ್ಮಗಳಿಗೆ. ಅಂಗಳದಲ್ಲಿ ನಿಂತು ಕನ್ನಡದಲ್ಲಿ ಎಣಿಸಿದಳು. ಏಳರ ತನಕ ಓಟ, ಅಲ್ಲಿ ನಿಂತು ನನ್ನ ಮುಖ ನೋಡುವುದು, ನಾನು ಎಂಟು ಎನ್ನುವುದು, ಅಲ್ಲಿಂದ ಮತ್ತೆ ಓಟ. ಐದನೆಯ ಸಲದ ಎಣಿಕೆ ಮುಗಿಯುವ ಮೊದಲೇ ಒಳಗಿನಿಂದ ಮಗಳ ಧ್ವನಿ: “ಏಳು ಬಂತು! ಅಮ್ಮಾ, ಹನ್ನೊಂದೂ ಬಂತು!” ಇನ್ನೆರಡು ಬೆರಳು ತಿರುಗಿಸಿದ ಮೇಲೆ 4 ಬಂತು. ಆಗ ಮಟ ಮಟ ಮಧ್ಯಾಹ್ನ.

ಸಂಜೆ ಏಳಕ್ಕೆ 4 ಇಲ್ಲ.

ಮರುದಿನ ಬೆಳಿಗ್ಗೆ ಇದೆ. ಸಂಜೆ ಮತ್ತೆ ಇಲ್ಲ. ಅಳಿಯ ಬೂಸ್ಟರ್ ಹಾಕೋಣ ಎಂದರು. ಬೂಸ್ಟರ್ ಮೇಲೆ ನನಗೆ ಭರವಸೆ ಕಡಿಮೆ. ಜಾತ್ರೆಯಲ್ಲಿ ಒಬ್ಬರ ಪಿಸುಮಾತಿಗೆ ಮೈಕು ಹಿಡಿದರೆ ಸುತ್ತಲಿನ ಗದ್ದಲವೂ ಅಷ್ಟೇ ದೊಡ್ಡದಾಗಿ ಕೇಳುತ್ತದೆ. ಉದ್ದನೆಯ ಕೇಬಲ್ ನುಂಗುವುದನ್ನು ತುಂಬಿಕೊಡಲು, ಒಂದೇ ಆಂಟೆನ್ನಾದಿಂದ ನಾಲ್ಕು ಟಿ.ವಿ.ಗೆ ಹಂಚಲು ಅದು ಬೇಕು. ಅದೂ ಆಂಟೆನ್ನಾದ ಬುಡದಲ್ಲೇ ಇರಬೇಕು. ಟವರ್ ಹತ್ತಿರವಿದ್ದರಂತೂ ಬೂಸ್ಟರ್ ಹಾಕಿದ ಮೇಲೆ ಟಿ.ವಿ. ಉಸಿರುಗಟ್ಟಿ ಇದ್ದ ಚಾನೆಲ್ಲೂ ಹೋಗುತ್ತದೆ. ಅದಿರಲಿ, ಮೂರನೆಯ ಪ್ರಶ್ನೆಗೆ ನಾವು ಉತ್ತರವನ್ನೇ ಹುಡುಕಿರಲಿಲ್ಲ. ಯಾವ ಹೊತ್ತಿನಲ್ಲಿ ಇಲ್ಲ? ಸಂಜೆ. ಸಂಜೆ ಈ ಮನೆಯಲ್ಲಿ ಏನಾಗುತ್ತದೆ?

ಪಕ್ಕದ ಮನೆಯಲ್ಲಿ ಚಟ್ನಿ ಅರೆಯುತ್ತಿದ್ದಾರೆ ಎಂಬ ಅಜ್ಜಿಯ ಮಾತು ಆಗ ನೆನಪಾಯಿತು.

ಮೊಮ್ಮಗಳಿಗೆ ಹೇಳಿದೆ: “ಹೋಗು ಪುಟ್ಟಿ, ಒಂದೊಂದೇ ದೀಪ ಆರಿಸುತ್ತಾ ಬಾ. ಆರಿಸಿದ ಮೇಲೆ ಹತ್ತು ಎಣಿಸು.” ಅಡುಗೆಮನೆ, ಇಲ್ಲ. ಮೆಟ್ಟಿಲು, ಇಲ್ಲ. ಹೊರಗಿನ ಗೇಟು, ಇಲ್ಲ. ಕಾರು ನಿಲ್ಲಿಸುವ ಗ್ಯಾರೇಜಿನ ಸ್ವಿಚ್ ಒತ್ತಿ ಅವಳು ಮೂರು ಎನ್ನುವಷ್ಟರಲ್ಲಿ 4 ಪರದೆಯ ಮೇಲೆ ಬಂದು ಕೂತಿತು. ಮತ್ತೆ ಹಾಕಿಸಿದೆ, ಹೋಯಿತು. ಆರಿಸಿದಳು, ಬಂತು. ಗ್ಯಾರೇಜಿನಲ್ಲಿದ್ದದ್ದು ಎರಡು ಅಗ್ಗದ ಎಲ್.ಇ.ಡಿ. ಬಲ್ಬು. ಕರೆಂಟನ್ನು ಬಲ್ಬಿಗೆ ಒಗ್ಗಿಸಲು ಅದರ ಬುಡದಲ್ಲಿ ಒಂದು ಚಿಕ್ಕ ಸರ್ಕ್ಯೂಟ್ ಇರುತ್ತದೆ, ಅದು ಕ್ಷಣಕ್ಕೆ ಸಾವಿರಾರು ಸಲ ಆರಿ ಹತ್ತುತ್ತದೆ. ಸರಿಯಾಗಿ ಮಾಡಿರದಿದ್ದರೆ ಅದರ ಗದ್ದಲ ವಿ.ಎಚ್.ಎಫ್.ಗೆ ಸೀದಾ ನುಗ್ಗುತ್ತದೆ. ಕೆಳಗಿನ ಚಾನೆಲ್ಲಿಗೆ ಪೆಟ್ಟು ಜಾಸ್ತಿ. ಮೂರರಲ್ಲಿ ಎಲ್ಲಕ್ಕಿಂತ ಕೆಳಗೆ ಕೂತದ್ದು 4 ತಾನೇ, 7ರಲ್ಲಿ. ಬಲ್ಬು ಬದಲಾಯಿಸಿದೆವು.

ಊರಿನಲ್ಲಿ ಈಗ ಆ ಅಲೆಗಳೇ ಇಲ್ಲ. ಪ್ರಸಾರ ಭಾರತಿ ಹಳೆಯ ಬಗೆಯ ಟ್ರಾನ್ಸ್‌ಮಿಟರ್‌ಗಳನ್ನು 2022ರ ಹೊತ್ತಿಗೆ ಬಹುಪಾಲು ಮುಚ್ಚಿತು. ಪುಕ್ಕಟೆ ನೋಡುವವರೆಲ್ಲ ಫ್ರೀ ಡಿಶ್ ಹಾಕಿಕೊಂಡಿದ್ದಾರೆ. ನಮ್ಮ ಪೈಪು ಮಾತ್ರ ಹಿತ್ತಲಲ್ಲಿ ನಿಂತಿದೆ. ಆಂಟೆನ್ನಾದ ಕಡ್ಡಿಗಳಲ್ಲಿ ಎರಡು ಉಳಿದಿವೆ. ಪೈಪಿನ ಬುಡದಲ್ಲೊಂದು, ಅದಕ್ಕೆ ನೇರವಾಗಿ ಗೋಡೆಯ ಕ್ಲಾಂಪಿನ ಮೇಲೊಂದು, ಅಪ್ಪ ಕೆಂಪು ಪೇಂಟಿನಲ್ಲಿ ಬಳಿದ ಗೆರೆಗಳಿವೆ. ಗಾಳಿಗೆ ಪೈಪು ತಿರುಗಿದರೆ ಪೈಪಿನ ಗೆರೆಯನ್ನು ಕ್ಲಾಂಪಿನ ಗೆರೆಗೆ ತಂದು ನಿಲ್ಲಿಸಿದರಾಯಿತು, ಬೆಂಗಳೂರು ಸಿಕ್ಕಿತು. ಅಪ್ಪ ಊರಿನಲ್ಲಿಲ್ಲದ ದಿನ ನಾನೂ ಅಮ್ಮನೂ ಎಷ್ಟು ಸಲ ಹಾಗೆ ನಿಲ್ಲಿಸಿದ್ದೇವೋ.

ಫ್ರೀಮಾಂಟಿನಲ್ಲಿ ಮಧ್ಯಾಹ್ನದ ಮೇಲೆ ಕೊಲ್ಲಿಯ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತದೆ. ನಾನು ಹೊರಡುವ ಹಿಂದಿನ ದಿನ ಅಳಿಯ ಮತ್ತೊಮ್ಮೆ ಏಣಿ ಹಾಕಿದರು. ಮನೆಯಲ್ಲಿ ಪೇಂಟ್ ಇರಲಿಲ್ಲ. ಮೊಮ್ಮಗಳು ಓಡಿಹೋಗಿ ತನ್ನ ನೇಲ್ ಪಾಲಿಶ್ ಶೀಷೆ ತಂದುಕೊಟ್ಟಳು, ಗುಲಾಬಿ ಬಣ್ಣದ್ದು. ಅಳಿಯ ಕೊಳವೆಯ ಮೇಲೊಂದು, ಕ್ಲಾಂಪಿನ ಮೇಲೊಂದು ಗೆರೆ ಎಳೆದು, ಒಣಗಲೆಂದು ಊದಿದರು. “ಅಜ್ಜಿ, ಎಷ್ಟು ಎಣಿಸಲಿ?” ಎಂದಳು ಕೆಳಗಿನಿಂದ.